ಹಳ್ಳ ಅದೇ, ಮನೆ ಅದೇ, ನೆರೆ ಗೆರೆ ಮಾತ್ರ ಬದಲಾಗಿದ್ದು ಹೇಗೆ?

ಪ್ರಶ್ನೆ: ನಮ್ಮ ಮನೆ ಹಿಂದೆ ಒಂದು ಸಣ್ಣ ಹಳ್ಳ ಇದೆ. ಬೇಸಿಗೆಯಲ್ಲಿ ದಾಟಿದರೆ ಕಾಲೂ ಒದ್ದೆಯಾಗುವುದಿಲ್ಲ. ಹಳೆಯ ನಕ್ಷೆಯಲ್ಲಿ "ನೂರು ವರ್ಷದ ನೆರೆ" ಗೆರೆ ನಮ್ಮ ಬೇಲಿಯ ಆಚೆ ಇತ್ತು. ಹೊಸದರಲ್ಲಿ ಅಡುಗೆಮನೆಯೊಳಗೇ ಬಂದುಬಿಟ್ಟಿದೆ! ಈ ಗೆರೆಯನ್ನು ಹೇಗೆ ಎಳೆಯುತ್ತಾರೆ ಸರ್?

ಉತ್ತರ (ಜಲ ಇಂಜಿನಿಯರ್): ಅದರಲ್ಲಿ ಎರಡು ಲೆಕ್ಕ ಇದೆ. ಎಷ್ಟು ನೀರು ಬರುತ್ತದೆ ಅನ್ನುವುದು ಒಂದು. ಬಂದ ನೀರು ಎಷ್ಟು ಎತ್ತರಕ್ಕೆ ಏರುತ್ತದೆ ಅನ್ನುವುದು ಇನ್ನೊಂದು.

ಸಣ್ಣ ಹಳ್ಳಗಳಲ್ಲಿ ನೀರನ್ನು ಅಳೆಯುವ ಕೇಂದ್ರ ಇರುವುದೇ ಕಡಿಮೆ. ಹಾಗಾಗಿ ಮಳೆಯಿಂದ ಲೆಕ್ಕ ಹಾಕಬೇಕಾಗುತ್ತದೆ. 200 ಹೆಕ್ಟೇರ್ ಜಾಗದ ಮೇಲೆ ಗಂಟೆಗೆ 60 ಮಿ.ಮೀ. ಮಳೆ, ಅದರಲ್ಲಿ ಅರ್ಧ ಹರಿದು ಬಂತು ಅಂದುಕೊಳ್ಳಿ. ಆಗ ಹಳ್ಳಕ್ಕೆ ಸೆಕೆಂಡಿಗೆ ಸುಮಾರು 17 ಘನ ಮೀಟರ್ ನೀರು. ಅದೇ ಜಾಗದಲ್ಲಿ ಮನೆ, ರಸ್ತೆ ಜಾಸ್ತಿಯಾಗಿ ಅರ್ಧದ ಬದಲು ಶೇ. 70 ಹರಿದರೆ 23 ದಾಟುತ್ತದೆ. ಹಳ್ಳ ಅದೇ ಇದ್ದರೂ ನೀರು ಅದೇ ಅಲ್ಲ.

ಎತ್ತರದ ಲೆಕ್ಕಕ್ಕೆ ಹಳ್ಳದ ಅಡ್ಡ ಅಳತೆ, ಇಳಿಜಾರು, ಒರಟುತನ ಬೇಕು. ಒರಟುತನಕ್ಕೆ, ಹರಿವಿನ ವೇಗ ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದ 'ಎನ್' ಅನ್ನುವ ಅಂಕಿ ಬಳಸುತ್ತೇವೆ. ಕಾಂಕ್ರೀಟ್ ಕಾಲುವೆಗೆ ಸುಮಾರು 0.013, ನೇರವಾದ ಚೊಕ್ಕಟ ಹಳ್ಳಕ್ಕೆ 0.03, ಪೊದೆ ತುಂಬಿದ ದಡಕ್ಕೆ 0.1 ತನಕ. ಅಗಲವಾದ ಹಳ್ಳದಲ್ಲಿ ಇದು ಇಮ್ಮಡಿಯಾದರೆ ಅಷ್ಟೇ ನೀರು ಹೋಗಲು ಆಳ ಸುಮಾರು ಒಂದೂವರೆ ಪಟ್ಟು ಬೇಕು. ಈ ಅಂಕಿಯನ್ನು ನಾವು ಹೆಚ್ಚಾಗಿ ಕಣ್ಣಳತೆಯಲ್ಲೇ ಆರಿಸುತ್ತೇವೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆ, ಆದರೆ ನಿಜ.

ಜಾಗ ಚಪ್ಪಟೆಯಾಗಿದ್ದರೆ ಇನ್ನೂ ಕಷ್ಟ. ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಇರುವ ದಡದಲ್ಲಿ ನೀರು ಬರೀ 20 ಸೆಂ.ಮೀ. ಏರಿದರೂ ಗೆರೆ 20 ಮೀಟರ್ ಒಳಗೆ ಸರಿಯುತ್ತದೆ. ನಿಮ್ಮ ಬೇಲಿಯಿಂದ ಅಡುಗೆಮನೆಗೆ ಅಷ್ಟೇ ದೂರ ಇರಬಹುದು!

ಇನ್ನೊಬ್ಬ ಸದಸ್ಯೆ: ನೂರು ವರ್ಷದ ನೆರೆ ಅಂದರೆ ನೂರು ವರ್ಷಕ್ಕೊಮ್ಮೆ ತಾನೇ? ನಮ್ಮ ಕಾಲದಲ್ಲಿ ಬರುವುದಿಲ್ಲ ಬಿಡಿ.

ಉತ್ತರ: ಆ ಹೆಸರೇ ದಾರಿ ತಪ್ಪಿಸುತ್ತದೆ ಮೇಡಂ. ಯಾವುದೇ ವರ್ಷ ಅಷ್ಟು ಅಥವಾ ಅದಕ್ಕಿಂತ ದೊಡ್ಡ ನೆರೆ ಬರುವ ಸಾಧ್ಯತೆ ಶೇ. 1 ಅಂತ ಅದರ ಅರ್ಥ. 30 ವರ್ಷ ಅಲ್ಲೇ ಇದ್ದರೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 26.

ಪ್ರಶ್ನೆ: ಹಳೆಯದು ಒನ್-ಡಿ, ಹೊಸದು ಟೂ-ಡಿ ಮಾಡೆಲ್ ಅಂತ ಬರೆದಿದೆ. ಹೊಸದೇ ಸರಿ ಅಂತ ನಂಬಬಹುದಾ?

ಉತ್ತರ: ಹಾಗೆ ಹೇಳಲಾಗದು. ಒನ್-ಡಿ ಲೆಕ್ಕದಲ್ಲಿ ನೀರು ಹಳ್ಳದ ದಿಕ್ಕಿನಲ್ಲೇ ಹರಿಯುತ್ತದೆ ಅಂತ ಇಟ್ಟುಕೊಂಡು, ಒಂದು ಅಡ್ಡ ಅಳತೆಯಿಂದ ಇನ್ನೊಂದಕ್ಕೆ ಮಟ್ಟ ಲೆಕ್ಕ ಹಾಕುತ್ತಾ ಹೋಗುತ್ತಾರೆ. ಎರಡೂ ಕಡೆ ಎತ್ತರದ ದಡ ಇದ್ದರೆ ಇಷ್ಟು ಸಾಕು. ನೀರು ದಡ ಮೀರಿ ಬೀದಿಗಳಲ್ಲಿ ಹರಡುವ ಕಡೆ ಟೂ-ಡಿ ಬೇಕು. ಅದು ನೆಲವನ್ನು ಚಿಕ್ಕ ಚೌಕಗಳಾಗಿ ಮಾಡಿ, ನೀರು ಯಾವ ಕಡೆಗೆ ತಿರುಗುತ್ತದೆ ಅಂತ ನೋಡುತ್ತದೆ. ಅಮೆರಿಕದ ಸೇನಾ ಇಂಜಿನಿಯರ್ ದಳದ 'ಹೆಕ್-ರಾಸ್' ಅನ್ನುವ ಸಾಫ್ಟ್‌ವೇರ್ ಎರಡನ್ನೂ ಮಾಡುತ್ತದೆ, ಉಚಿತವಾಗಿ ಸಿಗುತ್ತದೆ.

ಆದರೆ ನೆಲದ ಎತ್ತರವನ್ನು ವಿಮಾನದಿಂದ ಲೇಸರ್ ಬಿಟ್ಟು ಅಳೆದಿದ್ದರೆ ಎಚ್ಚರ. ಸಾಮಾನ್ಯ ಲೇಸರ್ ನೀರಿನೊಳಗಿನ ತಳವನ್ನು ಕಾಣುವುದಿಲ್ಲ. ರಸ್ತೆಯ ಕೆಳಗಿನ ಮೋರಿಯನ್ನೂ ಕಾಣುವುದಿಲ್ಲ. ಮೋರಿಯನ್ನು ಯಾರಾದರೂ ಕೈಯಾರೆ ಸೇರಿಸದಿದ್ದರೆ ಕಂಪ್ಯೂಟರಿಗೆ ಆ ರಸ್ತೆ ಒಂದು ಅಣೆಕಟ್ಟು! ಮೇಲಿನ ಮನೆಗಳೆಲ್ಲ ಸುಮ್ನೆ ಮುಳುಗಿಬಿಡುತ್ತವೆ. ಹತ್ತಿರದಲ್ಲಿ ಮೋರಿ ಇದೆಯಾ?

ಪ್ರಶ್ನೆ: ಇದೆ ಸರ್, ಮನೆಯಿಂದ ಸ್ವಲ್ಪ ಕೆಳಗೆ. ವರದಿ ನೋಡಿದೆ, ಮೋರಿ ಸೇರಿಸಿದ್ದಾರೆ, ಪೂರ್ತಿ ತೆರೆದಿದೆ ಅಂತ ಬರೆದಿದ್ದಾರೆ. ನಿಜದಲ್ಲಿ ಪ್ರತಿ ಮಳೆಗೂ ಕೊಂಬೆ, ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತದೆ.

ಉತ್ತರ: ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮೋರಿ ಕಟ್ಟಿಕೊಂಡರೆ ಹಿನ್ನೀರು ಮೇಲಕ್ಕೆ ನಿಲ್ಲುತ್ತದೆ, ಅಂದರೆ ನಿಮ್ಮ ಕಡೆಗೆ. ಅರ್ಧ ಮುಚ್ಚಿದ್ದರೆ ಮಟ್ಟ ಎಷ್ಟಾಗುತ್ತದೆ ಅಂತ ನಕ್ಷೆ ಮಾಡಿದವರನ್ನು ಕೇಳಿ. ಗೆರೆ ಎಲ್ಲಿದೆ ಅಂತ ಕೇಳಬೇಡಿ. ನೀರಿನ ಮಟ್ಟ ಎಷ್ಟು ಮೀಟರ್ ಅಂತ ಕೇಳಿ, ನಿಮ್ಮ ಮನೆಯ ನೆಲದ ಮಟ್ಟದ ಜೊತೆ ಹೋಲಿಸಿ. ಹಳೆಯ ನೆರೆಯ ಗುರುತು ಎಲ್ಲಾದರೂ ಉಳಿದಿದ್ದರೆ ಚಿನ್ನ. ಅಂದಿನ ಮಳೆಯನ್ನು ಮಾಡೆಲಿಗೆ ಕೊಟ್ಟು, ನೀರು ಆ ಗುರುತಿಗೆ ಬರುತ್ತದಾ ಅಂತ ಪರೀಕ್ಷಿಸಬಹುದು.

ಪ್ರಶ್ನೆ: ಅಯ್ಯೋ, ಹಿಂದಿನ ಗೋಡೆಯಲ್ಲಿ ಕೆಸರಿನ ಗೆರೆ ಇದೆ. ಈ ಭಾನುವಾರ ಬಣ್ಣ ಹೊಡೆಸುವುದಿತ್ತು.

ಉತ್ತರ: ಬೇಡ, ತಡೆಯಿರಿ! ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ಫೋಟೊ ತೆಗೆಯಿರಿ. ನೆರೆ ಬಂದ ದಿನಾಂಕವನ್ನೂ ಬರೆದಿಡಿ. ಸರ್ವೇಯರ್ ಬಂದು ಮಟ್ಟ ಹಿಡಿಯುವ ತನಕ ಆ ಗೋಡೆಯನ್ನು ಮುಟ್ಟಬೇಡಿ.