ಪುಂಡ ಹುಡುಗ, ಓದುವ ಹುಡುಗಿ: ಮಗಳ ಕೈಗೆ ಯಾವ ಪುಸ್ತಕ ಕೊಡಲಿ?

ಪ್ರಶ್ನೆ

ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಇಂಗ್ಲಿಷಿನ ಹದಿಹರೆಯದ ಪ್ರೇಮ ಕಾದಂಬರಿಗಳನ್ನು ಒಂದರ ಹಿಂದೊಂದು ಮುಗಿಸುತ್ತಿದ್ದಾಳೆ. ನಾನೂ ಕೆಲವನ್ನು ತಿರುವಿ ಹಾಕಿದೆ. ಎಲ್ಲದರ ಹೂರಣವೂ ಒಂದೇ: ಓದಿನಲ್ಲಿ ಮುಂದಿರುವ ಮೆದು ಹುಡುಗಿ, ಯಾರ ಮಾತಿಗೂ ಸೊಪ್ಪು ಹಾಕದ ಹುಡುಗ, ಮೊದಲು ಜಗಳ, ಆಮೇಲೆ ಪ್ರೀತಿ. ಬೈಯಲು ಮನಸ್ಸಿಲ್ಲ, ಸುಮ್ಮನಿರಲೂ ಆಗುತ್ತಿಲ್ಲ. ಇದೇ ಬಗೆಯಲ್ಲಿ ಗಟ್ಟಿಯಾದ ಪುಸ್ತಕಗಳಿವೆಯೇ? ನಿಮ್ಮ ಮನೆಗಳಲ್ಲಿ ಹೇಗೆ ನಿಭಾಯಿಸಿದಿರಿ?

ಶಾಲಾ ಗ್ರಂಥಾಲಯ ನೋಡಿಕೊಳ್ಳುವವಳ ಉತ್ತರ

ಬೈಯಬೇಡಿ, ಕಸಿದುಕೊಳ್ಳಲೂ ಬೇಡಿ. ಕಸಿದುಕೊಂಡರೆ ಅದೇ ಕಥೆಯನ್ನು ಮೊಬೈಲಿನಲ್ಲಿ ಓದುತ್ತಾರೆ. ಅಲ್ಲಿ ಸಿಗುವುದು ಇದಕ್ಕಿಂತಲೂ ತೆಳು. ಎರಡು ಧ್ರುವಗಳಂತಿರುವ ಇಬ್ಬರು ಹತ್ತಿರವಾಗುವ ಕಥೆಯಲ್ಲಿ ತಪ್ಪೇನೂ ಇಲ್ಲ. ಆ ವಯಸ್ಸಿನಲ್ಲಿ ಮಕ್ಕಳು ತಮ್ಮ ಮನೆಯಂತಿಲ್ಲದ ಮನೆಗಳೂ ಇವೆ ಎಂದು ಮೊದಲ ಬಾರಿಗೆ ಗಮನಿಸುತ್ತಿರುತ್ತಾರೆ. ಕಥೆ ಆ ಕುತೂಹಲವನ್ನೇ ಹಿಡಿದುಕೊಳ್ಳುತ್ತದೆ.

ಪುಸ್ತಕ ಆರಿಸುವಾಗ ನಾನು ನೋಡುವುದು ಒಂದನ್ನೇ: ಇಬ್ಬರ ನಡುವಿನ ವ್ಯತ್ಯಾಸ ಎಲ್ಲಿಂದ ಬಂದಿದೆ? ಅವನಿಗೆ ಬೈಕು, ಇವಳಿಗೆ ಕನ್ನಡಕ ಎಂದಷ್ಟೇ ಆದರೆ ಅದು ವೇಷ, ಮೂರನೇ ಅಧ್ಯಾಯದ ಹೊತ್ತಿಗೆ ಕಳಚಿ ಬೀಳುತ್ತದೆ. ವ್ಯತ್ಯಾಸಕ್ಕೆ ಮನೆಯ ದುಡ್ಡು, ಅಪ್ಪ ಅಮ್ಮನ ಸ್ವಭಾವ, ಊರಿನ ಕಣ್ಣು ಇವೆಲ್ಲ ಕಾರಣವಾಗಿದ್ದರೆ ಕಥೆಗೆ ಕಾಲು ನೆಲದ ಮೇಲಿರುತ್ತದೆ.

ಮೊದಲು ವೆಂಡೆಲಿನ್ ವಾನ್ ಡ್ರಾನೆನ್ ಅವರ ‘ಫ್ಲಿಪ್ಡ್’ (2001) ಕೊಡಿ. ಒಂದು ಅಧ್ಯಾಯ ಬ್ರೈಸ್ ಹೇಳಿದರೆ ಅದೇ ಸಂಗತಿಯನ್ನು ಮುಂದಿನ ಅಧ್ಯಾಯದಲ್ಲಿ ಜೂಲಿ ಹೇಳುತ್ತಾಳೆ. ಜೂಲಿ ಕೋಳಿ ಸಾಕುತ್ತಾಳೆ. ಎದುರು ಮನೆಯ ಬ್ರೈಸ್‌ಗೆ ಪ್ರೀತಿಯಿಂದ ಮೊಟ್ಟೆ ತಂದುಕೊಡುತ್ತಾಳೆ. ಅವಳ ಮನೆಯಂಗಳ ಕೊಳಕು, ಮೊಟ್ಟೆಯಿಂದ ಕಾಯಿಲೆ ಬಂದೀತು ಎಂಬ ಭಯ ಬ್ರೈಸ್ ಮನೆಯವರಿಗೆ. ಬೇಡ ಎನ್ನುವ ಧೈರ್ಯ ಹುಡುಗನಿಗಿಲ್ಲ, ಬಾಗಿಲಲ್ಲಿ ಈಸಿಕೊಂಡು ಕಸದ ಬುಟ್ಟಿಗೆ ಹಾಕುತ್ತಾನೆ. ಅದು ಒಂದು ದಿನ ಅವಳ ಕಣ್ಣಿಗೇ ಬೀಳುತ್ತದೆ. ಅಂಗಳ ಹಾಗೇಕಿದೆ ಎನ್ನುವುದು ನಮಗೆ ತಿಳಿಯುವುದು ತಡವಾಗಿ: ಅದು ಬಾಡಿಗೆ ಮನೆ, ಗಾರೆ ಕೆಲಸದ ಅಪ್ಪನ ದುಡಿಮೆಯ ಒಂದು ಪಾಲು ಬುದ್ಧಿಮಾಂದ್ಯವಿರುವ ತನ್ನ ಸಹೋದರನ ಆರೈಕೆಗೆ ಹೋಗುತ್ತಿದೆ. ‘ಗಲೀಜು ಮನೆಯ ಹುಡುಗಿ’ ಎಂದು ಬ್ರೈಸ್ ಜೊತೆ ನಾವೂ ಮೂಗು ಮುರಿದಿರುತ್ತೇವೆ, ಲೇಖಕಿ ನಮ್ಮನ್ನು ಅಲ್ಲೇ ಹಿಡಿಯುತ್ತಾರೆ. ಪುಂಡ ಹುಡುಗ ಇದರಲ್ಲಿಲ್ಲ, ಪುಕ್ಕಲು ಹುಡುಗನಿದ್ದಾನೆ. ಬದಲಾವಣೆಗೆ ಅಷ್ಟು ಸಾಕು.

ಅಮೆರಿಕದಲ್ಲಿರುವ ಒಬ್ಬ ತಾಯಿ

ನಿಕೋಲಾ ಯೂನ್ ಅವರ ‘ದಿ ಸನ್ ಈಸ್ ಆಲ್ಸೋ ಎ ಸ್ಟಾರ್’ (2016) ಸೇರಿಸುತ್ತೇನೆ. ನ್ಯೂಯಾರ್ಕಿನಲ್ಲಿ ಒಂದೇ ದಿನದ ಕಥೆ. ನತಾಶಾ ಜಮೈಕಾದವಳು, ಕಾಗದಪತ್ರವಿಲ್ಲದ ಕುಟುಂಬ. ಅಪ್ಪ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದು ಗುಟ್ಟು ರಟ್ಟಾಗಿದೆ, ಆ ರಾತ್ರಿಯೇ ದೇಶ ಬಿಡಬೇಕು. ಅವಳು ನಂಬುವುದು ವಿಜ್ಞಾನವನ್ನು. ಡೇನಿಯಲ್ ಕೊರಿಯಾ ಮೂಲದವನು, ಕವಿತೆ ಬರೆಯುವವನು, ವೈದ್ಯನಾಗಲಿ ಎಂಬ ಅಪ್ಪ ಅಮ್ಮನ ಆಸೆಗೆ ಸಿಕ್ಕಿ ಯೇಲ್ ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಹೊರಟವನು. ವಿಜ್ಞಾನ ಮತ್ತು ಕವಿತೆಯ ವಾದ ಮೇಲುಹೊದಿಕೆ ಅಷ್ಟೇ; ಅವನು ನಾಳೆಯೂ ಇದೇ ಊರಿನಲ್ಲಿರುತ್ತಾನೆ, ಅವಳು ಇರುವುದಿಲ್ಲ ಎನ್ನುವುದೇ ನಿಜವಾದ ಅಂತರ.

ನಮ್ಮ ಮನೆಯಲ್ಲಿ ಇದು ಏಕೆ ನಾಟಿತೆಂದರೆ, ಎಚ್-4 ವೀಸಾದ ಮೇಲಿರುವ ಮಕ್ಕಳಿಗೆ 21 ತುಂಬಿದರೆ ಅಪ್ಪ ಅಮ್ಮನ ಆಸರೆಯ ಆ ವೀಸಾ ನಿಲ್ಲುತ್ತದೆ. ಇಲ್ಲಿಯ ಕನ್ನಡದ ಮನೆಗಳಲ್ಲಿ ಈ ಲೆಕ್ಕ ಮಕ್ಕಳಿಗೂ ಬಾಯಿಪಾಠ. ಪ್ರೇಮಕಥೆ ಎಂದು ಎತ್ತಿಕೊಂಡ ಮಗ, ಮುಗಿಸಿದ ಮೇಲೆ ಕೇಳಿದ್ದೆಲ್ಲ ವಲಸೆ ಕಾನೂನಿನ ಬಗ್ಗೆ.

ಇಬ್ಬರು ಹೆಣ್ಣುಮಕ್ಕಳ ತಂದೆ

ಮೇಲಿನವರು ಹೇಳಿದ ಪುಸ್ತಕಗಳು ಸರಿ, ಆದರೆ ಪ್ರಶ್ನೆ ಕೇಳಿದ ತಾಯಿಯವರ ಅಳುಕು ಬೇರೆ ಇದೆ ಎಂದು ನನಗೆ ಅನಿಸುತ್ತದೆ. ಹುಡುಗ ಒರಟನಾಗಿರುತ್ತಾನೆ, ಹುಡುಗಿ ಸಹಿಸಿಕೊಂಡೇ ಅವನನ್ನು ತಿದ್ದುತ್ತಾಳೆ ಎಂಬ ಅಚ್ಚಿನ ಬಗ್ಗೆ ಅವರು ಕೇಳುತ್ತಿದ್ದಾರೆ. ಆ ಅಚ್ಚಿನಲ್ಲಿ ಬದಲಾಗುವ ಖರ್ಚೆಲ್ಲ ಹುಡುಗಿಯ ಖಾತೆಗೇ ಬೀಳುತ್ತದೆ. ನಾನಂತೂ ಅಂಥ ಪುಸ್ತಕವನ್ನು ಮನೆಯಿಂದ ಓಡಿಸಲಿಲ್ಲ. ದೊಡ್ಡವಳು ಓದಿದ್ದನ್ನು ನಾನೂ ಓದಿದೆ, ಉಪದೇಶ ಮಾಡದೆ ಒಂದೇ ಪ್ರಶ್ನೆ ಕೇಳಿದೆ: ಈ ಮಹಾಶಯ ನಾಯಕಿಯೊಬ್ಬಳನ್ನು ಬಿಟ್ಟು ಉಳಿದವರೊಂದಿಗೆ, ಅಂದರೆ ಅವಳ ಗೆಳತಿ, ಅವನ ತಂಗಿ, ಹೋಟೆಲಿನ ಮಾಣಿ, ಇವರೊಂದಿಗೆ ಹೇಗೆ ಮಾತನಾಡುತ್ತಾನೆ? ಅವಳು ಪುಟ ತಿರುವಿ ಹುಡುಕಿದಳು. ಆಮೇಲಿನ ಪುಸ್ತಕಗಳಲ್ಲಿ ತಾನಾಗಿಯೇ ಗುರುತು ಹಾಕಿ ತಂದು ತೋರಿಸತೊಡಗಿದಳು. ಕೆಲವು ನಾಯಕರನ್ನು ಅವಳು ಬೈದ ಪರಿಗೆ ನಾನೇ ಅವರ ಪರ ವಹಿಸಬೇಕಾಯಿತು!

ಅಚ್ಚನ್ನು ತಿರುಗಿಸಿ ಹಾಕಿದ್ದು ಬೇಕಿದ್ದರೆ ಸಂಧ್ಯಾ ಮೆನನ್ ಅವರ ‘ವೆನ್ ಡಿಂಪಲ್ ಮೆಟ್ ರಿಶಿ’ (2017). ಸಂಪ್ರದಾಯ, ಮದುವೆ ಎಂದರೆ ಕಣ್ಣರಳಿಸುವವನು ಹುಡುಗ. ಕೋಡಿಂಗ್ ಬಿಟ್ಟು ಬೇರೇನೂ ಬೇಡ ಎನ್ನುವವಳು ಹುಡುಗಿ. ಎರಡೂ ಮನೆಯವರು ಸಂಬಂಧದ ಮಾತು ಆಡಿರುವುದು ಅವನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಮೊದಲ ಭೇಟಿಯಲ್ಲೇ ಭಾವಿ ಪತ್ನಿ ಎಂದು ಕರೆದು ಮುಖಕ್ಕೆ ತಣ್ಣನೆಯ ಕಾಫಿ ಎರಚಿಸಿಕೊಳ್ಳುತ್ತಾನೆ. ಹಗುರ ಪುಸ್ತಕ, ಹುಡುಗ ಅತಿ ಒಳ್ಳೆಯವನು ಎನಿಸಿತು. ಮಗಳು ಮಾತ್ರ ಒಪ್ಪಲಿಲ್ಲ.

ಮತ್ತೆ ಗ್ರಂಥಾಲಯದವಳು

‘ಎಲೀನರ್ ಅಂಡ್ ಪಾರ್ಕ್’ ಬಗ್ಗೆ ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ರೇನ್‌ಬೋ ರೋವೆಲ್ ಬರೆದದ್ದು, 1986ರ ಒಮಾಹಾ ನಗರದ ಕಥೆ. ಶಾಲಾ ಬಸ್ಸಿನಲ್ಲಿ ಪಾರ್ಕ್ ಓದುವ ಕಾಮಿಕ್ಸನ್ನು ಪಕ್ಕದ ಎಲೀನರ್ ಕದ್ದು ಓದುತ್ತಾಳೆ. ಅದು ತಿಳಿದು ಅವನು ಪುಟವನ್ನು ನಿಧಾನವಾಗಿ ತಿರುವತೊಡಗುತ್ತಾನೆ. ಮಾತೇ ಇಲ್ಲದ ಆ ಪುಟಗಳು ಅಪರೂಪದವು. ಅವಳ ಮನೆಯಲ್ಲಿ ಫೋನಿಲ್ಲ, ಬಚ್ಚಲಿಗೆ ಬಾಗಿಲಿಲ್ಲ, ಮಲತಂದೆಯ ಭಯವಿದೆ. ಇದಕ್ಕಿಂತ ದೊಡ್ಡ ಅಂತರ ಯಾವುದು? ಆದರೆ ಹಿಂಸೆ, ಹೊಲಸು ಮಾತು ಧಾರಾಳವಾಗಿವೆ. ಪಾರ್ಕ್ ಮತ್ತು ಅವನ ಕೊರಿಯನ್ ತಾಯಿಯನ್ನು ಚಿತ್ರಿಸಿದ ರೀತಿಗೆ ಕೊರಿಯಾ ಮೂಲದ ಓದುಗರಿಂದ ಟೀಕೆಯೂ ಬಂದಿದೆ, ಅದು ನ್ಯಾಯವಾದದ್ದೇ. ಪಿಯುಸಿಗೆ ಬರಲಿ, ಆಗ ಕೊಡಿ. ನೀವು ಮೊದಲು ಓದಿ.

ಕೇಳಿದವರು

‘ಫ್ಲಿಪ್ಡ್’ ತರಿಸುತ್ತಿದ್ದೇನೆ. ಮಾಣಿಯ ಪ್ರಶ್ನೆಯನ್ನು ಇಂದೇ ಪ್ರಯೋಗಿಸಿದೆ. “ಅಮ್ಮ, ಈ ಪುಸ್ತಕದಲ್ಲಿ ಹೋಟೆಲೇ ಇಲ್ಲ” ಎಂದಳು. ತಂಗಿಯ ವಿಷಯಕ್ಕೆ ಮಾತ್ರ ಉತ್ತರ ಬಂದಿಲ್ಲ, ಹುಡುಕುತ್ತಿದ್ದಾಳೆ.

ಗ್ರಂಥಾಲಯದವಳು

‘ಫ್ಲಿಪ್ಡ್’ ಸಿನಿಮಾ 2010ರಲ್ಲಿ ಬಂದಿದೆ, ಕಥೆಯನ್ನು ಐವತ್ತು ಅರವತ್ತರ ದಶಕಕ್ಕೆ ಒಯ್ದಿದ್ದಾರೆ. ಚೆನ್ನಾಗಿದೆ. ಪುಸ್ತಕ ಮುಗಿಯುವವರೆಗೆ ಅದರ ಸುದ್ದಿ ಎತ್ತಬೇಡಿ.