ವೆರಾಕ್ರಿಪ್ಟ್ ಫೈಲ್ ಜಿಪ್ ಮಾಡಿದರೂ ಚಿಕ್ಕದಾಗುತ್ತಿಲ್ಲ, ಯಾಕೆ?

ಹಾಡುಪೆಟ್ಟಿಗೆ:
ನಮಸ್ಕಾರ. ಸುತ್ತಲಿನ ಊರುಗಳ ಜನಪದ ಹಾಡುಗಳನ್ನು ಟೈಪ್ ಮಾಡಿಟ್ಟಿದ್ದೇವೆ. ಎಲ್ಲವೂ ಕನ್ನಡ ಟೆಕ್ಸ್ಟ್ ಫೈಲ್‌ಗಳು, ಸುಮಾರು 12 ಎಂಬಿ. ಹಾಡಿದವರ ಫೋನ್ ನಂಬರ್ ಕೂಡ ಇರೋದರಿಂದ, ಫೈಲ್‌ಗಳನ್ನು ಪಾಸ್‌ವರ್ಡ್ ಹಾಕಿ ಗುಟ್ಟಾಗಿಡೋ ಸಾಫ್ಟ್‌ವೇರ್ ಆದ ವೆರಾಕ್ರಿಪ್ಟ್‌ನಲ್ಲಿ 1 ಜಿಬಿ ಕಂಟೇನರ್ (ಬೀಗ ಹಾಕಿದ ಪೆಟ್ಟಿಗೆಯಂಥ ಒಂದೇ ಫೈಲ್) ಮಾಡಿ ಒಳಗಿಟ್ಟೆ. ಡ್ರೈವ್‌ಗೆ ಹಾಕೋಣ ಅಂತ ಜಿಪ್ ಮಾಡಿದರೆ ಆಗಲೂ 1 ಜಿಬಿಯೇ! ನಮ್ಮೂರ ನೆಟ್‌ನಲ್ಲಿ ಇದು ಹೋಗೋ ಮಾತೇ ಇಲ್ಲ. ಫೈಲ್ ಕೆಟ್ಟಿದೆಯಾ?

ಕಡತಪ್ರೇಮಿ:
ಕೆಟ್ಟಿಲ್ಲ, ಗಾಬರಿ ಬೇಡ. ಜಿಪ್ ಹುಡುಕೋದು ಮತ್ತೆ ಮತ್ತೆ ಬರುವುದನ್ನು. ನಿಮ್ಮ ಹಾಡುಗಳಲ್ಲಿ ಅದು ಬೇಕಾದಷ್ಟಿದೆ. ಪಲ್ಲವಿ ಮಾತ್ರ ಅಲ್ಲ, ಅಕ್ಷರದ ಒಳಗೂ ಇದೆ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಅನ್ನೋ ಸಂಖ್ಯೆಗಳಾಗಿ ಬರೆದಿಡೋ ಪದ್ಧತಿ) ‘ಕನ್ನಡ’ ಅನ್ನೋದು ಹೀಗಿರುತ್ತದೆ ನೋಡಿ:

224 178 149 | 224 178 168 | 224 179 141 | 224 178 168 | 224 178 161

ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179. ಹಾಗಾಗಿ ಕನ್ನಡ ಟೆಕ್ಸ್ಟ್ ತುಂಬಾ ಚೆನ್ನಾಗಿ ಕುಗ್ಗುತ್ತದೆ.

ಎನ್‌ಕ್ರಿಪ್ಟ್ (ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಬದಲಾಯಿಸೋದು) ಆದಮೇಲೆ ಈ ಸುಳಿವೆಲ್ಲ ಅಳಿಸಿಹೋಗುತ್ತದೆ. 0ಯಿಂದ 255ರವರೆಗಿನ ಎಲ್ಲ ಬೈಟ್‌ಗಳೂ ಹೆಚ್ಚುಕಡಿಮೆ ಸಮಸಮ ಬರುತ್ತವೆ, ಮುಂದಿನದು ಯಾವುದು ಅಂತ ಊಹಿಸೋಕಾಗಲ್ಲ. ಹಾಗಿದ್ದರೇ ಅಲ್ವಾ ಗುಟ್ಟು ಉಳಿಯೋದು! ಕಂಟೇನರ್‌ನ ಖಾಲಿ ಜಾಗಕ್ಕೂ ಸಾಮಾನ್ಯವಾಗಿ ಇಂಥದ್ದೇ ರ‍್ಯಾಂಡಮ್ ಬೈಟ್ ತುಂಬಿರುತ್ತದೆ. ಎಷ್ಟು ಭಾಗ ಖಾಲಿ ಅನ್ನೋದೂ ಹೊರಗಿನವರಿಗೆ ತಿಳಿಯಬಾರದಲ್ಲ.

ಮೊದಲು ಕುಗ್ಗಿಸಿ, ಆಮೇಲೆ ಎನ್‌ಕ್ರಿಪ್ಟ್ ಮಾಡಿ. 7-ಜಿಪ್ ಎರಡನ್ನೂ ಅದೇ ಕ್ರಮದಲ್ಲಿ ಮಾಡುತ್ತದೆ. ಟೆಕ್ಸ್ಟ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಆ್ಯಡ್ ಟು ಆರ್ಕೈವ್’ ತೆಗೆಯಿರಿ, ಫಾರ್ಮ್ಯಾಟ್ 7ಝಡ್ ಇರಲಿ, ಪಾಸ್‌ವರ್ಡ್ ಕೊಡಿ. ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ ಟಿಕ್ ಮಾಡೋದು ಮರೀಬೇಡಿ. ಇಲ್ಲದಿದ್ದರೆ ಪಾಸ್‌ವರ್ಡ್ ಇಲ್ಲದವರಿಗೂ ಫೈಲ್‌ಗಳ ಹೆಸರು ಕಾಣುತ್ತದೆ. ಹಾಡಿದವರ ಹೆಸರನ್ನೇ ಫೈಲ್‌ಗೆ ಇಟ್ಟಿದ್ದರೆ ಅಲ್ಲಿಗೆ ಮುಗೀತು.

ಹಾಡುಪೆಟ್ಟಿಗೆ:
ಆಯ್ತು ಸರ್! 2 ಎಂಬಿಗಿಂತ ಕಡಿಮೆ ಬಂತು. ಇದೇ ಥರ ಫೋಟೋಗಳನ್ನೂ ಕುಗ್ಗಿಸಬಹುದಾ? ಎಲ್ಲಾ ಜೆಪೆಗ್.

ಕಡತಪ್ರೇಮಿ:
ಅದರಲ್ಲಿ ಲಾಭ ಇಲ್ಲ. ಜೆಪೆಗ್ ಆಗಲೇ ಕುಗ್ಗಿಸಿದ ಫೈಲ್, ಇನ್ನೊಮ್ಮೆ ಹಿಂಡಿದರೆ ಸುಮ್ನೆ ಸಮಯ ಹಾಳು. ಫೋಟೋಗಳಿಗೆ ಕಂಪ್ರೆಷನ್ ಲೆವೆಲ್ ‘ಸ್ಟೋರ್’ ಇಡಿ, ಪಾಸ್‌ವರ್ಡ್ ಮಾತ್ರ ಕೊಡಿ.

ಅಪ್‌ಲೋಡ್ ಮಾಡುವ ಮೊದಲು ಫೈಲ್‌ನ ಎಸ್‌ಎಚ್‌ಎ-256 (ಫೈಲ್‌ನ ಬೆರಳಚ್ಚಿನಂಥ ಗುರುತು) ತೆಗೆದಿಟ್ಟುಕೊಳ್ಳಿ, ರೈಟ್ ಕ್ಲಿಕ್ ಮೆನುವಿನಲ್ಲೇ ಇದೆ. ಇಳಿಸಿಕೊಂಡವರಿಗೂ ಅದೇ 64 ಅಕ್ಷರ ಬಂದರೆ ಫೈಲ್ ಸರಿಯಾಗಿ ತಲುಪಿದೆ ಅಂತ. ಪಾಸ್‌ವರ್ಡನ್ನು ಲಿಂಕ್ ಜೊತೆ ಒಂದೇ ಮೆಸೇಜಿನಲ್ಲಿ ಕಳಿಸಬೇಡಿ, ಫೋನ್ ಮಾಡಿ ಹೇಳಿಬಿಡಿ.