‘ಶುದ್ಧೀಕರಿಸಿದ ನೀರು’ ಅನ್ನುವುದು ಸರಿಯೇ?

ಎಲ್ಲರಿಗೂ ನಮಸ್ಕಾರ.

ಪುಣೆಯ ಭೋಸರಿಯಲ್ಲಿ, ಲೋಹದ ಬಿಡಿಭಾಗಗಳಿಗೆ ಕ್ರೋಮ್ ಲೇಪ ಕೊಡುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಇಟಿಪಿಯ, ಅಂದರೆ ಕಾರ್ಖಾನೆಯಿಂದ ಹೊರಬೀಳುವ ಕೊಳಕು ನೀರಿನ ವಿಷ ತೆಗೆಯುವ ಘಟಕದ, ಉಸ್ತುವಾರಿಯೂ ನನ್ನದೇ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು. ಮರಾಠಿ ಮಾತಾಡುತ್ತಾರೆ, ಓದಲು ಮಾತ್ರ ಕನ್ನಡವೇ ಬೇಕು. ಅದಕ್ಕೇ ಫಲಕಗಳನ್ನು ಕನ್ನಡದಲ್ಲೂ ಬರೆಸಿದೆವು. ಮರಾಠಿಯಲ್ಲಿ ‘ಪ್ರಕ್ರಿಯಾ ಕೇಲೇಲೆ ಪಾಣಿ’ ಎಂದಿದ್ದ ನಲ್ಲಿಯ ಮೇಲೆ ನಾನು ‘ಶುದ್ಧೀಕರಿಸಿದ ನೀರು’ ಎಂದು ಬರೆಸಿದೆ. ಹೋದ ತಿಂಗಳು, ಹೊಸದಾಗಿ ಸೇರಿದ ಹುಡುಗನೊಬ್ಬ ಆ ನಲ್ಲಿಗೆ ಬಾಟಲಿ ಹಿಡಿದು ನಿಂತಿದ್ದ. ಓಡಿಹೋಗಿ ತಡೆದೆ. ‘ಶುದ್ಧ ಅಂತ ಬರದದಲ್ರಿ ಸರ’ ಅಂದ. ಅವನ ಓದಿನಲ್ಲಿ ತಪ್ಪಿರಲಿಲ್ಲ, ನನ್ನ ಪದದಲ್ಲಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕೆಂಪು ಬಣ್ಣದಲ್ಲಿ ‘ಕುಡಿಯಬಾರದು’ ಎಂದು ಸೇರಿಸಿದ್ದಾಯಿತು. ಆದರೆ ಅವರಿಗೆಂದು ಒಂದು ಕೈಪಿಡಿಯನ್ನೂ ಬರೆಯುತ್ತಿದ್ದೇನೆ. ಅದರ ಪುಟಪುಟದಲ್ಲೂ ಈ ಪದ ಬರುತ್ತದೆ, ಪ್ರತಿ ಸಲವೂ ಕೆಂಪು ಬಣ್ಣ ಬಳಿಯಲಾಗದು.

ಆ ನೀರಿಗೆ ಏನಾಗುತ್ತದೆ ಎಂದು ಹೇಳಿಬಿಡುತ್ತೇನೆ. ಲೇಪದ ತೊಟ್ಟಿಯಿಂದ ತೆಗೆದ ಬಿಡಿಭಾಗಗಳನ್ನು ತೊಳೆದ ನೀರು ಹಳದಿಯಾಗಿರುತ್ತದೆ. ಅದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ವಿಷ. ಆಮ್ಲ ಹಾಕಿ ಪಿಎಚ್ ಅನ್ನು 2 ಮತ್ತು 3ರ ನಡುವಿಗೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಅದು ಅಷ್ಟು ಅಪಾಯವಿಲ್ಲದ ಟ್ರೈವೇಲೆಂಟ್ ಕ್ರೋಮಿಯಂ ಆಗುತ್ತದೆ, ಹಳದಿ ಹೋಗಿ ಹಸಿರು ಬರುತ್ತದೆ. ಆಮೇಲೆ ಸುಣ್ಣ ಹಾಕಿ ಪಿಎಚ್ 8ರ ಮೇಲಕ್ಕೇರಿಸಿದರೆ ಹಸಿರೆಲ್ಲ ಅರಳೆಯಂತೆ ಕೂಡಿಕೊಂಡು ತಳಕ್ಕಿಳಿಯುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಈ ಹೊತ್ತಿಗೆ ನಮ್ಮಲ್ಲಿನ ಹಳಬರೊಬ್ಬರು ‘ನೀರ ಒಡದದ ನೋಡ್ರಿ’ ಅನ್ನುತ್ತಾರೆ. ಹಾಲು ಒಡೆದ ಹಾಗೆ. ಪುಸ್ತಕದ ‘ಸ್ಕಂದನ’ಕ್ಕಿಂತ ಇದು ಎಷ್ಟೋ ಮೇಲು, ಕೈಪಿಡಿಯಲ್ಲಿ ಇದನ್ನೇ ಇಟ್ಟುಕೊಂಡಿದ್ದೇನೆ. ಒಳಗೆ ಬರುವ, ಹೊರಗೆ ಹೋಗುವ ನೀರಿಗೂ ಪದ ಹುಡುಕಬೇಕಾಗಲಿಲ್ಲ. ಆಲಮಟ್ಟಿಯ ಒಳಹರಿವು, ಹೊರಹರಿವು ಎಲ್ಲರಿಗೂ ಗೊತ್ತು.

ತೊಡಕಿರುವುದು ಆ ತಿಳಿ ನೀರಿನ ಹೆಸರಲ್ಲಿ. ಕಣ್ಣಿಗೆ ತಿಳಿಯಾಗಿ ಕಂಡರೂ ಉಪ್ಪುಗಳು ಅದರಲ್ಲಿ ಕರಗಿಯೇ ಇರುತ್ತವೆ. ನದಿ, ಹಳ್ಳಕ್ಕೆ ಬಿಡುವ ನೀರಿನ ಲೀಟರಿಗೆ ಒಟ್ಟು ಕ್ರೋಮಿಯಂ 2 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ನಿಯಮ. ಕುಡಿಯುವ ನೀರಿಗೆ ಅದೇ ಮಿತಿ 0.05. ಅಂದರೆ 40 ಪಟ್ಟು ವ್ಯತ್ಯಾಸ. ನಿಯಮವೇ ಶುದ್ಧ ಎನ್ನದ ನೀರನ್ನು ನಾವು ಶುದ್ಧ ಅಂದರೆ ಹೇಗೆ?

ಪತ್ರಿಕೆಗಳ ‘ಸಂಸ್ಕರಿಸಿದ ನೀರು’ ಇದಕ್ಕಿಂತ ಪ್ರಾಮಾಣಿಕ, ಒಪ್ಪುತ್ತೇನೆ. ಬೆಂಗಳೂರಿನ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆಯಲ್ಲ, ಅಲ್ಲಿಯೂ ಇದೇ ಗೊಂದಲ: ಎರಡು ಹಂತದಲ್ಲಿ ‘ಸಂಸ್ಕರಿಸಿದ’ ನೀರು ಅಂತಲೂ ಬರೆಯುತ್ತಾರೆ, ‘ಶುದ್ಧೀಕರಿಸಿದ’ ಅಂತಲೂ ಬರೆಯುತ್ತಾರೆ. ಮೂರನೇ ಹಂತ ಬೇಕೇ ಬೇಕು ಎಂದು ಆ ಊರಿನವರು ಕೇಳುತ್ತಿರುವುದೇ ಎರಡನೆಯದು ಸಾಲದೆಂದು. ಆದರೆ ನಮ್ಮ ಕೆಲಸಗಾರರಿಗೆ ಸಂಸ್ಕಾರ ಎಂದರೆ ಸತ್ತವರಿಗೆ ಮಾಡುವುದು. ‘ಆಹಾರ ಸಂಸ್ಕರಣೆ’ ಕೇಳಿದವರಿಗಂತೂ ತಿನ್ನುವ ವಸ್ತುವಿನ ನೆನಪು. ಮರಾಠಿಯ ‘ಪ್ರಕ್ರಿಯಾ’ವನ್ನು ಹಾಗೇ ತರೋಣವೆಂದರೆ, ಕನ್ನಡದಲ್ಲಿ ‘ಪ್ರಕ್ರಿಯೆ ಮಾಡಿದ ನೀರು’ ಏನನ್ನೂ ಹೇಳುವುದಿಲ್ಲ.

ನನಗೆ ಹೊಳೆದಿರುವುದು ‘ಹದ’. ತೊಗಲು ಹದ ಮಾಡುತ್ತಾರೆ, ಮಳೆಯಾದರೆ ಹೊಲ ಹದಕ್ಕೆ ಬರುತ್ತದೆ, ಬೆಲ್ಲದ ಪಾಕಕ್ಕೂ ಹದವುಂಟು. ಎಲ್ಲ ಕಡೆಯೂ ಒಂದು ಕೆಲಸಕ್ಕೆ ತಕ್ಕಂತಾಗುವುದು ಎಂಬುದಷ್ಟೇ ಅರ್ಥ, ಶುದ್ಧಿಯ ಮಾತಿಲ್ಲ. ‘ಹದಗೊಳಿಸಿದ ನೀರು’: ಗಿಡಕ್ಕೆ, ನೆಲ ತೊಳೆಯಲು, ಪಾಯಖಾನೆಗೆ ಹದವಾದದ್ದು. ಅಳುಕೂ ಇದೆ. ‘ಹದವಾದ ನೀರು’ ಎಂದರೆ ಸ್ನಾನಕ್ಕೆ ಬೆಚ್ಚಗಿರುವ ನೀರು ಎಂದು ನನ್ನ ಹೆಂಡತಿ ಓದಿದಳು.

ಇನ್ನೊಂದು ಪದ, ಇದು ಹೆಚ್ಚು ಅಪಾಯದ್ದು. ತಳದಲ್ಲಿ ಕೂತದ್ದನ್ನು ಹಿಂಡಿ ತೆಗೆದ ಹಸಿರು ಮುದ್ದೆಗೆ ಮರಾಠಿಯಲ್ಲಿ ‘ಗಾಳ’. ನಮ್ಮವರ ಬಾಯಲ್ಲೂ ಅದೇ. ಹೊಸಬರಿಗೆ ಗಾಳವೆಂದರೆ ಮೀನು ಹಿಡಿಯುವ ಕೊಕ್ಕೆ. ನಾನು ‘ಹೂಳು’ ಎಂದು ಬರೆದು, ಮರುದಿನವೇ ಹೊಡೆದುಹಾಕಿದೆ. ಕೆರೆಯ ಹೂಳನ್ನು ಊರಲ್ಲಿ ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಾರೆ, ಭೂಮಿಗೆ ಒಳ್ಳೆಯದೆಂದು. ಇದು ಹೊಲಕ್ಕೆ ಬೀಳಲೇಬಾರದು. 2016ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ, ಅದಕ್ಕೆಂದೇ ಇರುವ ಜಾಗಕ್ಕೇ ಹೋಗಬೇಕು. ‘ಕೆಸರು’ ಅಂದರೂ ಅದೇ ಅಂಜಿಕೆ, ಗದ್ದೆಯಲ್ಲಿ ಕೆಸರು ತುಳಿದು ಬೆಳೆದವರು ನಾವು. ‘ಗಸಿ’, ‘ಮಡ್ಡಿ’ ಎಣ್ಣೆ ತುಪ್ಪದ ಮಾತು. ‘ವಿಷರಾಡಿ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ರಾಡಿಯನ್ನು ಯಾರೂ ಹೊಲಕ್ಕೆ ಬೇಕೆಂದು ಕೇಳುವುದಿಲ್ಲ.

ಬಲ್ಲವರಲ್ಲಿ ನನ್ನ ಪ್ರಶ್ನೆ ಎರಡೇ. ‘ಹದಗೊಳಿಸಿದ ನೀರು’ ಎಂದು ಫಲಕದಲ್ಲಿ ಕಂಡರೆ ಕಲಬುರಗಿ, ಯಾದಗಿರಿ ಸೀಮೆಯವರಿಗೆ ಮೊದಲು ಏನು ಹೊಳೆಯುತ್ತದೆ? ‘ರಾಡಿ’ ಎಂದರೆ ಮಳೆಗಾಲದ ದಾರಿಯ ಕೆಸರಷ್ಟೇ ಎಂದು ಹಗುರವಾಗಿ ತೆಗೆದುಕೊಳ್ಳುವರೋ? ಮನೆಯಲ್ಲಿ ಹಿರಿಯರಿದ್ದರೆ ಅವರನ್ನೊಮ್ಮೆ ಕೇಳಿ ತಿಳಿಸಿ. ಬರುವ ಸೋಮವಾರ ಪೇಂಟರ್ ಬರುತ್ತಾನೆ, ಅಷ್ಟರೊಳಗೆ ಸಿಕ್ಕರೆ ಉಪಕಾರವಾಗುತ್ತದೆ.